ಯುದ್ಧದ ಲಾರಿಯೂ ಮನೆಯ ಅಂಗಳವೂ

ಹವ್ಯಾಸಗಳು ನಾನಾ ಬಗೆ. ಒಬ್ಬರು ಅಂಚೆಚೀಟಿಗಳನ್ನು ಕೂಡಿಹಾಕಿದರೆ ಮತ್ತೊಬ್ಬರು ಹಳೆಯ ನಾಣ್ಯಗಳನ್ನು ಕೂಡಿಹಾಕುವರು. ಇವೆಲ್ಲ ಪೆಟ್ಟಿಗೆಯೊಳಗೆ ಅಡಗತಕ್ಕವು, ಮನೆಯವರಿಗೆ ತೊಂದರೆಯಿಲ್ಲ. ಆದರೆ ಸುಮಾರು 21 ಅಡಿ ಉದ್ದದ, ಬರಿದಾಗಿರುವಾಗಲೇ 4 ಟನ್ನಿನಷ್ಟು ತೂಗುವ ಸೈನ್ಯದ ಲಾರಿಯನ್ನು ಅಂಗಳದಲ್ಲಿ ಸಾಕುವ ಗೃಹಸ್ಥರೂ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಉಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇದು ಬರಿಯ ಹುಚ್ಚೋ, ಇದರಲ್ಲಿ ಏನಾದರೂ ಸಾರವುಂಟೋ ಎಂಬುದನ್ನು ಈ ಸಲ ವಿಚಾರಿಸುವೆವು.

ಇಂಥವರಿಗೆ ಬಹು ಪ್ರಿಯವಾದುದು ಜಿ.ಎಂ.ಸಿ. ಎಂಬ ಎರಡೂವರೆ ಟನ್ನಿನ ಲಾರಿ. 1941ರಿಂದ 1945ರವರೆಗೆ ಇಂಥವು 5 ಲಕ್ಷಕ್ಕೂ ಮಿಗಿಲಾಗಿ ತಯಾರಾದುವು. ಎಂಜಿನಿನ ಬಲವು ಮೂರು ಅಚ್ಚುಗಳಿಗೂ ಸಲ್ಲುವುದರಿಂದ ಕೆಸರಿನಲ್ಲಿಯೂ ಇದು ನಡೆಯಬಲ್ಲುದು. ಹೊಟ್ಟೆ ಮಾತ್ರ ದೊಡ್ಡದು: ಒಂದು ಲೀಟರು ಪೆಟ್ರೋಲಿಗೆ ಸುಮಾರು 3 ಕಿಲೋಮೀಟರು.

ಇದನ್ನು ನಡೆಸುವುದೇ ಒಂದು ವಿದ್ಯೆ. ಈಗಿನ ವಾಹನಗಳಲ್ಲಿ ಗೇರಿನ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡು ಒಳಗೇ ಇರುತ್ತದೆ. ಇದರಲ್ಲಿಯಾದರೋ ಆ ಕೆಲಸವು ಚಾಲಕನ ಕಾಲಿಗೂ ಕಿವಿಗೂ ಸೇರಿದುದು. ಕೆಳಗಿನ ಗೇರಿಗೆ ಇಳಿಯಬೇಕಾದಾಗ ಕ್ಲಚ್ಚನ್ನು ತುಳಿದು ಗೇರನ್ನು ಬಿಡಿಸಿ, ಕಾಲನ್ನು ತೆಗೆದು, ಎಂಜಿನಿನ ವೇಗವನ್ನು ತಕ್ಕಷ್ಟು ಏರಿಸಿ, ಮತ್ತೆ ತುಳಿದು ಹೊಸ ಗೇರನ್ನು ಹಾಕತಕ್ಕದ್ದು. ತಪ್ಪಿದರೆ ಹಲ್ಲುಗಳು ಕರಕರನೆ ಚೀರುವುವು. ಬಲ್ಲವರ ಪಕ್ಕದಲ್ಲಿ ಕುಳಿತಲ್ಲದೆ ಇದು ಕೈಗೂಡದು.

ಅಪಾಯವೂ ಇಲ್ಲದಿಲ್ಲ. ಇದರ ಎಲ್ಲ ಚಕ್ರಗಳ ಬ್ರೇಕಿಗೂ ದ್ರವವು ಒಂದೇ ಮೂಲದಿಂದ ಹರಿಯುವುದು. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ಕಾಲಬ್ರೇಕು ಪೂರ್ತಿಯಾಗಿ ಹೋದಂತೆಯೇ. ಆ ದ್ರವವು ಗಾಳಿಯ ತೇವವನ್ನು ಹೀರಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ಟಯರುಗಳಾದರೂ ಮೇಲೆ ಸವೆಯದೆ ಹೊಸದರಂತೆ ಕಂಡರೂ ಪಕ್ಕಗಳಲ್ಲಿ ಬಿರಿದಿರಬಹುದು. ಆದುದರಿಂದ ಬಣ್ಣದ ಹೊಳಪಿಗೆ ಮರುಳಾಗದೆ ಮೊದಲು ಬ್ರೇಕನ್ನೂ ಟಯರನ್ನೂ ಸರಿಪಡಿಸುವವನೇ ಜಾಣನು. ನಿಂತ ಲಾರಿ ಬೇಗ ಕೆಡುವುದು. ಆಗಾಗ್ಗೆ ನಡೆಸಿದರೇನೇ ಅದಕ್ಕೆ ಆರೋಗ್ಯ.

ಇನ್ನು ಮುಖ್ಯವಾದ ಪ್ರಶ್ನೆ: ಇದು ಯುದ್ಧದ ಆರಾಧನೆಯಲ್ಲವೆ? ಕೆಲವರ ಮಟ್ಟಿಗೆ ಇರಬಹುದು. ಆದರೆ ಈ ಲಾರಿಯ ಚರಿತ್ರೆಯು ಬೇರೊಂದು ಮಾತನ್ನು ಹೇಳುವುದು. 1944ರಲ್ಲಿ ಮಿತ್ರರಾಷ್ಟ್ರಗಳ ಸೈನ್ಯಗಳು ಫ್ರಾನ್ಸಿನಲ್ಲಿ ವೇಗದಿಂದ ಮುಂದೆ ಸಾಗಿದಾಗ ಅವುಗಳಿಗೆ ಸಾಮಗ್ರಿಯನ್ನು ಒದಗಿಸುವುದು ಕಷ್ಟವಾಯಿತು; ಅಲ್ಲಿಯ ರೈಲುದಾರಿಗಳನ್ನು ಬಾಂಬಿನಿಂದ ಕೆಡಿಸಿದವರು ಅವರೇ ಆಗಿದ್ದರು. ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಹಗಲಿರುಳೂ ಲಾರಿಗಳೇ ಆ ಭಾರವನ್ನು ಹೊತ್ತುವು. 'ರೆಡ್ ಬಾಲ್ ಎಕ್ಸ್‌ಪ್ರೆಸ್' ಎಂದು ಹೆಸರಾದ ಆ ಸಾಗಾಟದಲ್ಲಿ 4 ಲಕ್ಷ ಟನ್ನಿಗೂ ಹೆಚ್ಚು ಸಾಮಗ್ರಿ ಸಾಗಿತು. ಅದರ ಚಾಲಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಕರಿಯ ಅಮೆರಿಕನ್ನರು. ಅವರನ್ನು ಬಿಳಿಯರ ದಳಗಳಲ್ಲಿ ಸೇರಿಸದೆ ಬೇರೆಯಾಗಿರಿಸಿದ್ದ ಸೈನ್ಯವೇ ಅವರು ತಂದ ಪೆಟ್ರೋಲಿನಿಂದ ಮುಂದೆ ನಡೆಯಿತು! ಆ ಭೇದವನ್ನು ತೊಡೆಯಬೇಕೆಂಬ ಆಜ್ಞೆ ಹೊರಟುದು 1948ರಲ್ಲಿ.

ಸೇನಾಪತಿಗಳಿಗೆ ಪ್ರತಿಮೆಗಳುಂಟು, ಲಾರಿಯ ಚಾಲಕನಿಗೆ ಎಲ್ಲಿಯ ಪ್ರತಿಮೆ? ಅಂದು ನಿದ್ದೆಗೆಟ್ಟು ಓಡಿಸಿದವರಲ್ಲಿ ಈಗ ಉಳಿದವರು ತೀರ ವಿರಳ. ಅವರು ಕೂತ ಗಟ್ಟಿಯಾದ ಆಸನ, ಅವರು ಕೇಳಿದ ಎಂಜಿನಿನ ಸದ್ದು, ಅವರ ತೋಳನ್ನು ದಣಿಸಿದ ಚಕ್ರ, ಇವುಗಳನ್ನು ಕಂಡಲ್ಲದೆ ಅವರ ದುಡಿಮೆಯ ಅಳತೆ ನಮಗೆ ತಿಳಿಯದು. ಮಕ್ಕಳನ್ನು ಲಾರಿಗೆ ಹತ್ತಿಸುವ ಗೃಹಸ್ಥನು ಈ ಕಥೆಯನ್ನೂ ಹೇಳಿದನಾದರೆ ಅವನ ಹವ್ಯಾಸವು ಸಾರ್ಥಕವೆನ್ನುವೆವು. ಹೇಳದಿದ್ದರೆ ಅದು ಪೆಟ್ರೋಲು ಕುಡಿಯುವ ಕಬ್ಬಿಣವಷ್ಟೆ. ಮನೆಯೊಡತಿಯು ಅಂಗಳವನ್ನು ತೆರವು ಮಾಡೆಂದರೆ ನಾವು ಆಕೆಯ ಪಕ್ಷವನ್ನೇ ವಹಿಸುವೆವು.