ಬ್ಯಾಕಪ್ಪು ಸರ್ವರುಗಳ ಉಸ್ತುವಾರಿ

ಸರಕಾರದ ಕಚೇರಿಯಾಗಲಿ, ಬ್ಯಾಂಕಾಗಲಿ, ದೊಡ್ಡ ಆಸ್ಪತ್ರೆಯಾಗಲಿ ಇಂದು ತನ್ನ ಲೆಕ್ಕಪತ್ರಗಳನ್ನೆಲ್ಲ ಗಣಕಯಂತ್ರಗಳ ವಶಕ್ಕೆ ಒಪ್ಪಿಸಿ, ಅವುಗಳ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಕಾದಿರಿಸಿಕೊಳ್ಳುತ್ತದೆ. ಈ ಎರಡನೆಯ ಯಂತ್ರವೇ ಬ್ಯಾಕಪ್ಪು ಸರ್ವರು. ಇದನ್ನು ಕೊಳ್ಳುವಾಗ ಟೆಂಡರು ಕರೆಯುತ್ತಾರೆ, ಸಭೆ ಸೇರುತ್ತಾರೆ, ಹಣ ಮಂಜೂರಾಗುತ್ತದೆ. ಕೊಂಡು ತಂದ ಮೇಲೆ ಅದು ಕೆಲಸ ಮಾಡುತ್ತಿದೆಯೇ, ಎಷ್ಟು ವೇಗದಲ್ಲಿ ಮಾಡುತ್ತಿದೆ, ಆಪತ್ಕಾಲದಲ್ಲಿ ಒಪ್ಪಿಸಿದ್ದನ್ನು ಹಿಂದಿರುಗಿಸೀತೇ ಎಂದು ವಿಚಾರಿಸತಕ್ಕವರು ಯಾರು? ಈ ಪ್ರಶ್ನೆಯನ್ನು ನಾವು ಅಧಿಕಾರಿವರ್ಗದವರ ಮುಂದೆ ಇಡಬಯಸುತ್ತೇವೆ. ಇದು ಯಂತ್ರಜ್ಞರ ಮನೆವಾರ್ತೆಯೆಂದು ತಳ್ಳಿಹಾಕತಕ್ಕ ವಿಷಯವಲ್ಲ. ನಮ್ಮ ನಾಡಿನಲ್ಲಿಯೇ ‘ಭೂಮಿ’ ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿ ಎರಡು ದಶಕಗಳಿಗೂ ಮೇಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿಹೋಯಿತು. ಹೀಗಿರುವಲ್ಲಿ ಕಾದಿಟ್ಟ ಪ್ರತಿಯ ಗತಿಯೇನೆಂಬುದು ಪ್ರತಿಯೊಬ್ಬ ರೈತನ ಚಿಂತೆಯೂ ಆಗಬೇಕಾದುದೇ ಸರಿ.

೨೦೧೭ನೆಯ ಇಸವಿ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದ ಸಂಗತಿಯನ್ನು ವಾಚಕರು ಲಕ್ಷ್ಯವಿಟ್ಟು ಓದಬೇಕು. ತಡರಾತ್ರಿಯಲ್ಲಿ ದಣಿದಿದ್ದ ಇಂಜಿನಿಯರೊಬ್ಬರು ಉಪಯಂತ್ರದಲ್ಲಿ ಅಳಿಸಬೇಕಾದ ದತ್ತಾಂಶವನ್ನು ಕೈತಪ್ಪಿ ಪ್ರಧಾನಯಂತ್ರದಲ್ಲಿ ಅಳಿಸಿದರು. ಮನುಷ್ಯಮಾತ್ರರಿಗೆ ಸಹಜವಾದ ತಪ್ಪು; ಇದಕ್ಕಾಗಿಯೇ ಅಲ್ಲವೇ ಬ್ಯಾಕಪ್ಪು ಇರತಕ್ಕದ್ದು? ಆದರೆ ನಿತ್ಯವೂ ತೆಗೆಯಲ್ಪಡುತ್ತಿದ್ದುದೆಂದು ನಂಬಿದ್ದ ಪ್ರತಿಯನ್ನು ಹುಡುಕಿದಾಗ ಉಗ್ರಾಣವು ಬರಿದಾಗಿತ್ತು! ಪ್ರತಿ ತೆಗೆಯುವ ಸಾಧನವು ಹಳೆಯ ಆವೃತ್ತಿಯದು, ದತ್ತಾಂಶವು ಹೊಸ ಆವೃತ್ತಿಯದು; ಒಂದಕ್ಕೊಂದು ಹೊಂದದೆ ಕೆಲಸವು ದಿನವೂ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸಲು ಯಂತ್ರವು ಅಂಚೆಯನ್ನೇನೋ ಕಳುಹಿಸುತ್ತಿತ್ತು. ಆ ಮಿಂಚಂಚೆಗೆ ಬೇಕಾದ ದೃಢೀಕರಣವಿಲ್ಲವೆಂದು ಅಂಚೆಯ ಸರ್ವರು ಅದನ್ನು ಬಾಗಿಲಲ್ಲಿಯೇ ತಿರಸ್ಕರಿಸುತ್ತಿತ್ತು. ದೂತನು ಬರಲಿಲ್ಲವಾದುದರಿಂದ ರಾಜ್ಯವು ಕ್ಷೇಮವೆಂದು ಎಲ್ಲರೂ ಬಗೆದಿದ್ದರು. ಬೇರೊಂದು ಕಾರ್ಯಕ್ಕಾಗಿ ಆರು ಗಂಟೆಗಳ ಮುಂಚೆ ತೆಗೆದಿರಿಸಿದ್ದ ಪ್ರತಿಯೊಂದು ದೈವವಶಾತ್ ಸಿಕ್ಕಿತು. ಅದನ್ನು ಸ್ವಸ್ಥಾನಕ್ಕೆ ತರಲು ಹಿಡಿದ ಕಾಲವಾದರೋ ಸುಮಾರು ೧೮ ಗಂಟೆ. ಏಕೆಂದರೆ ಪ್ರತಿಯಿದ್ದ ಡಿಸ್ಕುಗಳು ಅಗ್ಗದ, ನಿಧಾನವಾದ ಜಾತಿಯವು. ಇಷ್ಟನ್ನೂ ಮುಚ್ಚಿಡದೆ ಲೋಕದ ಮುಂದೆ ಬಿಚ್ಚಿಟ್ಟ ಆ ಸಂಸ್ಥೆಯ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ನಮ್ಮ ಇಲಾಖೆಗಳಲ್ಲಿ ಇಂತಹ ವರದಿಯು ಎಷ್ಟು ಬೀಗಗಳ ಒಳಗೆ ಸೇರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು ಮೌನವನ್ನು ಯಶಸ್ಸೆಂದು ತಿಳಿದದ್ದು. ‘ತಪ್ಪಿದರೆ ತಿಳಿಸು’ ಎಂದು ಯಂತ್ರಕ್ಕೆ ಹೇಳಿದರೆ ಸಾಲದು. ತಿಳಿಸತಕ್ಕ ಯಂತ್ರವೇ ಮೂರ್ಛೆಹೋದರೆ ಮಾಡುವುದೇನು? ನಿಯಮಿತ ವೇಳೆಗೆ ‘ಮುಗಿಯಿತು’ ಎಂಬ ವರದಿ ಬಾರದಿದ್ದರೆ, ಬೇರೊಂದು ಯಂತ್ರವು ತಾನಾಗಿ ಗಂಟೆ ಬಾರಿಸುವಂತಿರಬೇಕು. ಎರಡನೆಯದು ವೇಗವನ್ನು ಕುರಿತ ಅಸಡ್ಡೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಒಂದು ಕಚೇರಿಯಲ್ಲಿ ೧೦ ಟೆರಾಬೈಟ್ ದತ್ತಾಂಶವಿದೆಯೆನ್ನೋಣ. ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ, ಎಂದರೆ ೮ ಗಂಟೆಗಳಲ್ಲಿ, ಪೂರ್ಣಪ್ರತಿ ತೆಗೆಯಬೇಕಾದರೆ ಸೆಕೆಂಡಿಗೆ ಸುಮಾರು ೩೫೦ ಮೆಗಾಬೈಟ್ ಸಾಗಬೇಕು. ಒಂದು ಗಿಗಾಬಿಟ್ಟಿನ ತಂತಿಯು ಬಹಳವಾದರೆ ೧೨೫ನ್ನು, ವ್ಯವಹಾರದಲ್ಲಿ ಸುಮಾರು ೧೧೦ನ್ನು ಸಾಗಿಸಬಲ್ಲದು. ಆ ಲೆಕ್ಕದಲ್ಲಿ ಒಂದು ರಾತ್ರಿಯ ಕೆಲಸಕ್ಕೆ ೨೫ ಗಂಟೆ ಬೇಕು! ಇಂತಹ ಕಡೆ ಡಿಸ್ಕುಗಳನ್ನು ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ. ಕಾಲುವೆಯ ತೂಬು ಎಲ್ಲಿ ಕಿರಿದಾಗಿದೆಯೋ ಅಲ್ಲಿಯ ಅಳತೆಯೇ ಇಡೀ ಕಾಲುವೆಯ ಅಳತೆ. ಮೂಲದ ಡಿಸ್ಕಿನಿಂದ ಓದುವುದು, ತಂತಿಯಲ್ಲಿ ಸಾಗುವುದು, ಸರ್ವರಿನ ಪ್ರೊಸೆಸರು ಅದನ್ನು ಅಡಕಗೊಳಿಸುವುದು, ಕಡೆಗೆ ಉಗ್ರಾಣದ ಡಿಸ್ಕಿಗೆ ಬರೆಯುವುದು: ಈ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆದು ನೋಡಿದ ಹೊರತು ‘ಯಂತ್ರ ನಿಧಾನವಾಗಿದೆ, ಹೊಸದನ್ನು ಮಂಜೂರು ಮಾಡಿರಿ’ ಎಂದು ಬರೆದುಕೊಳ್ಳುವುದು ಪ್ರಜೆಗಳ ತೆರಿಗೆಯ ಹಣವನ್ನು ಹೊಳೆಗೆ ಸುರಿದಂತೆಯೇ.

ತಂತಿಯೂ ಡಿಸ್ಕೂ ನೆಟ್ಟಗಿದ್ದು ಕೆಲಸವು ತೆವಳುವುದುಂಟು. ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಡಿಸ್ಕು ಸಾಲಾಗಿ ಓದುವಾಗ ಸೆಕೆಂಡಿಗೆ ೨೦೦ ಮೆಗಾಬೈಟ್‌ವರೆಗೂ ಕೊಡಬಲ್ಲದು. ಅದೇ ಡಿಸ್ಕು ಅಲ್ಲೊಂದು ಇಲ್ಲೊಂದು ಎಂಬಂತೆ ಚದರಿದ ಸಣ್ಣ ಕಡತಗಳನ್ನು ಹುಡುಕಹೊರಟರೆ ಸೆಕೆಂಡಿಗೆ ಸುಮಾರು ನೂರು ಜಾಗಗಳನ್ನು ಮಾತ್ರ ಮುಟ್ಟುತ್ತದೆ, ಕೊಡುವುದು ಕೆಲವೊಮ್ಮೆ ಅರ್ಧ ಮೆಗಾಬೈಟೂ ಇಲ್ಲ. ಲಕ್ಷೋಪಲಕ್ಷ ಸಣ್ಣ ಕಡತಗಳಿರುವ ಕಚೇರಿಯ ಬ್ಯಾಕಪ್ಪು ಏಕೆ ಮುಗಿಯದೆಂಬುದಕ್ಕೆ ಅನೇಕ ವೇಳೆ ಇದೇ ಉತ್ತರ. ಟೇಪಿನ ಸ್ವಭಾವ ಇನ್ನೂ ವಿಚಿತ್ರ. ದತ್ತಾಂಶವು ಅದರ ಓಟಕ್ಕೆ ಸಮನಾಗಿ ಬಾರದಿದ್ದರೆ ಅದು ನಿಂತು, ಹಿಂದೆ ಸರಿದು, ಮತ್ತೆ ಮುಂದೋಡುತ್ತದೆ. ಕಾಲವೂ ಹೋಯಿತು, ಟೇಪೂ ಸವೆಯಿತು.

ಒಂದೇ ತುಣುಕನ್ನು ಎರಡು ಸಲ ಬರೆದಿಡದೆ ಜಾಗವನ್ನು ಉಳಿಸುವ ಪದ್ಧತಿಯು ಈಗ ಬಹುಮಟ್ಟಿಗೆ ಎಲ್ಲೆಲ್ಲಿಯೂ ಬಳಕೆಗೆ ಬಂದಿದೆ. ಒಳ್ಳೆಯ ಪದ್ಧತಿಯೇ. ಆದರೆ ತುಣುಕುಗಳ ಪಟ್ಟಿಯು ದಿನೇ ದಿನೇ ಬೆಳೆದು ಸರ್ವರಿನ ಮೆಮೊರಿಯಲ್ಲಿ ಹಿಡಿಸದಂತಾದಾಗ ಪ್ರತಿಯೊಂದಕ್ಕೂ ಡಿಸ್ಕನ್ನು ತಡವಬೇಕಾಗುತ್ತದೆ. ಬೇಡವಾದ ತುಣುಕುಗಳನ್ನು ಗುಡಿಸುವ ಕೆಲಸವು ಹಗಲಿನಲ್ಲಿ ಮುಗಿಯದೆ ರಾತ್ರಿಗೆ ಚಾಚಿದರೆ ಬ್ಯಾಕಪ್ಪಿಗೂ ಅದಕ್ಕೂ ಪೈಪೋಟಿ ಹತ್ತುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಉಳಿತಾಯ ಮಾಡಿದ ಸಾಲವನ್ನು ಹಿಂದಕ್ಕೆ ಪಡೆಯುವ ಹೊತ್ತಿನಲ್ಲಿ ತೀರಿಸಬೇಕು: ಚದರಿದ ತುಣುಕುಗಳನ್ನು ಆಯ್ದು ಜೋಡಿಸಲು ಬರೆದುದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು. ಬ್ಯಾಕಪ್ಪಿನ ವೇಗವನ್ನು ತಿಳಿದವರು ಅಲ್ಲಲ್ಲಿ ಸಿಕ್ಕಾರು. ಹಿಂದಿರುಗಿಸುವ ವೇಗವನ್ನು ಅಳೆದವರು ಎಷ್ಟು ಮಂದಿ?

ಈ ವ್ಯಾಧಿಗಳಲ್ಲಿ ಹೆಚ್ಚಿನವು ಒಂದು ರಾತ್ರಿಯಲ್ಲಿ ಬರತಕ್ಕವಲ್ಲ. ಆರಂಭವಾದ ವೇಳೆ, ಮುಗಿದ ವೇಳೆ, ಸಾಗಿದ ಗಾತ್ರ, ಡಿಸ್ಕು ಉತ್ತರ ಕೊಡಲು ತೆಗೆದುಕೊಂಡ ಮಿಲಿಸೆಕೆಂಡು, ಉಳಿದ ಜಾಗ, ಇವಿಷ್ಟನ್ನು ನಿತ್ಯವೂ ಬರೆದಿಟ್ಟು ಹಿಂದಿನ ವಾರದ ಅದೇ ದಿನದೊಡನೆ ಹೋಲಿಸಿದರೆ ಸಾಕು. ನಾಲ್ಕು ಗಂಟೆಯ ಕೆಲಸವು ಐದಕ್ಕೆ, ಐದರದು ಏಳಕ್ಕೆ ಜಾರುವುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಮುರಿದ ಡಿಸ್ಕೊಂದರ ಜಾಗದಲ್ಲಿ ಹೊಸದನ್ನು ತುಂಬಿಸುತ್ತಿರುವ ದಿನಗಳ ನಿಧಾನವೂ ಅಲ್ಲಿಯೇ ಕಾಣುತ್ತದೆ. ಇನ್ನೊಂದು ಲಾಭವುಂಟು. ದಿನದ ಗಾತ್ರವು ಕಾರಣವಿಲ್ಲದೆ ಹಠಾತ್ತನೆ ಏರಿ, ಅಡಕವಾಗುವ ಪ್ರಮಾಣವು ಕುಸಿದರೆ, ಸುಲಿಗೆಕೋರರು ಒಳಹೊಕ್ಕು ಕಡತಗಳನ್ನು ಗೂಢಲಿಪಿಗೆ ತಿರುಗಿಸುತ್ತಿರುವುದರ ಸೂಚನೆಯಾಗಿರಬಹುದು. ಹಿಂದಿನ ಶಿರಸ್ತೇದಾರನು ದಫ್ತರಗಳನ್ನು ಬಿಚ್ಚಿಸಿ ಗೆದ್ದಲು ಹತ್ತಿದೆಯೇ ಎಂದು ನೋಡುತ್ತಿದ್ದುದು ಇಂತಹುದೇ ಎಚ್ಚರವಲ್ಲವೇ?

ಖರ್ಚಿನ ನೆಪ ಹೇಳುವವರಿಗೆ ನಾವು ದಕ್ಷಿಣ ಕೊರಿಯದ ಕಡೆಗೆ ಬೆರಳು ತೋರಿಸುತ್ತೇವೆ. ೨೦೨೫ನೆಯ ಸೆಪ್ಟೆಂಬರ್ ೨೬ರಂದು ಡೇಜಾನ್ ನಗರದಲ್ಲಿರುವ ಆ ಸರಕಾರದ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿ, ಸರಕಾರಿ ನೌಕರರ ಕಡತಗಳಿದ್ದ ‘ಜಿ-ಡ್ರೈವ್’ ಉಗ್ರಾಣವು ಭಸ್ಮವಾಯಿತು. ೮೫೮ ಟೆರಾಬೈಟ್, ಅದನ್ನು ನಚ್ಚಿಕೊಂಡಿದ್ದವರು ಸುಮಾರು ಒಂದೂಕಾಲು ಲಕ್ಷ ನೌಕರರು. ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ಉಗ್ರಾಣವು ಅತಿ ದೊಡ್ಡದು, ಅದರ ವೇಗ ಕಡಮೆ, ಆದುದರಿಂದ ಪ್ರತಿ ತೆಗೆಯಲಾಗಲಿಲ್ಲವೆಂಬುದು ಕೊಟ್ಟ ಸಮಾಧಾನ! ವೇಗ ಸಾಲದೆಂಬುದು ಬೆಂಕಿಗೆ ಮೊದಲೇ ತಿಳಿದಿದ್ದ ಸಂಗತಿಯಲ್ಲವೇ? ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಯಂತ್ರೋದ್ಯಮದಲ್ಲಿ ಅಷ್ಟು ಮುಂದುವರಿದ ದೇಶದ ಗತಿಯೇ ಹೀಗಾದರೆ ಉಳಿದವರು ನೆಮ್ಮದಿಯಿಂದ ನಿದ್ರಿಸುವುದು ಹೇಗೆ?

ಆದುದರಿಂದ ನಾವು ಕೇಳುವುದು ಅಧಿಕವಾದುದೇನೂ ಅಲ್ಲ. ಬ್ಯಾಕಪ್ಪಿನ ಹೊಣೆಯನ್ನು ಹೊಸದಾಗಿ ಸೇರಿದ ಕಿರಿಯ ನೌಕರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳದೆ, ಹೆಸರು ಹೇಳಬಹುದಾದ ಒಬ್ಬ ಅಧಿಕಾರಿಗೆ ವಹಿಸಲಿ. ದಿನದ ವರದಿಯನ್ನು ಓದಲು ಆತನಿಗೆ ಬಿಡುವನ್ನೂ ಕೊಡಲಿ. ಮೂರು ತಿಂಗಳಿಗೊಮ್ಮೆ ಯಾವುದಾದರೊಂದು ಇಲಾಖೆಯ ದತ್ತಾಂಶವನ್ನು ಬರಿಯ ಯಂತ್ರವೊಂದಕ್ಕೆ ನಿಜವಾಗಿ ಮರಳಿ ತುಂಬಿಸಿ, ಹಿಡಿದ ಕಾಲವನ್ನು ಗಡಿಯಾರ ನೋಡಿ ಬರೆದಿಡಲಿ. ಪರೀಕ್ಷೆಯಲ್ಲಿ ದೋಷ ಕಂಡುಹಿಡಿದವನನ್ನು ದಂಡಿಸದಿರಲಿ. ದಂಡಿಸಿದರೆ ಮುಂದಿನ ವರದಿಗಳೆಲ್ಲ ‘ಸರಿಯಾಗಿದೆ’ ಎಂದೇ ಬರುವುವು. ಮುಂದಿನ ಸಲ ತಪಾಸಣೆಗೆ ಹೋಗುವ ಮೇಲಧಿಕಾರಿಗಳು ದೀಪಗಳು ಮಿನುಗುವ ಯಂತ್ರಶಾಲೆಯನ್ನು ನೋಡಿ ಚಹಾ ಕುಡಿದು ಬರುವ ಮುನ್ನ, ಕಡೆಯ ಬಾರಿ ದತ್ತಾಂಶವನ್ನು ಹಿಂದಕ್ಕೆ ಪಡೆದ ತಾರೀಖು ಯಾವುದು, ಎಷ್ಟು ಗಂಟೆ ಹಿಡಿಯಿತು ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಲಿ.