ಕೂಸಿಗೆ ಮುಂಚೆ ಕುಲಾವಿ

ಹೋದ ಬೇಸಗೆಯಲ್ಲಿ ನೆಂಟರೊಬ್ಬರ ಮನೆಯಲ್ಲಿ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದೆವು. ಮನೆಯ ಯಜಮಾನರಾದ ರಾಯರು ಅಮೆರಿಕದಲ್ಲಿರುವ ತಮ್ಮ ಮಗಳ ಮನೆಯ ಒಂದು ಕೋಣೆಯ ಚಿತ್ರ ತೋರಿಸಿದರು. ಗೋಡೆಗೆ ಎಳೆ ಹಳದಿ ಬಣ್ಣ. ಮೂಲೆಯಲ್ಲಿ ಪುಟ್ಟ ಮಂಚ. ಅದರ ಮೇಲೆ ಅಜ್ಜಿ ಇಲ್ಲಿಂದ ಹೊಲಿದು ಕಳುಹಿಸಿದ ಕೌದಿ. ಮಂಚದಲ್ಲಿ ಮಲಗಬೇಕಾದ ಮಗು ಮಾತ್ರ ಬಂದಿಲ್ಲ. ಅಮೆರಿಕದ ಪ್ರಜೆಗಳಾಗಿರುವ ಮಗಳು ಅಳಿಯ, ಭಾರತದಿಂದ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿ ಇದು ಮೂರನೆಯ ವರ್ಷ.

“ಇಲ್ಲಿ ಅನಾಥಾಲಯಗಳ ತುಂಬ ಮಕ್ಕಳು, ಅಲ್ಲಿ ತೊಟ್ಟಿಲು ಖಾಲಿ. ನಡುವೆ ಈ ಕಾನೂನಿನ ಗೋಡೆ ಯಾತಕ್ಕೆ, ಹೇಳಿ?” ಎಂದು ರಾಯರು ಕೇಳಿದರು. ಕುಳಿತಿದ್ದವರೆಲ್ಲ ತಲೆದೂಗಿದರು. ನನಗೆ ತಲೆದೂಗಲಾಗಲಿಲ್ಲ. ಅಂದು ಊಟದ ಋಣಕ್ಕೆ ಕಟ್ಟುಬಿದ್ದು ಸುಮ್ಮನಿದ್ದೆ. ಇಂದು ಹೇಳಿಬಿಡುತ್ತೇನೆ.

ಅನಾಥಾಲಯದಲ್ಲಿರುವ ಮಕ್ಕಳೆಲ್ಲ ಅನಾಥರು ಎಂಬುದೇ ಮೊದಲ ತಪ್ಪು. ಬಡತನದಿಂದ, ಕಾಯಿಲೆಯಿಂದ, ಊರವರ ಬಾಯಿಗೆ ಹೆದರಿ ತಂದು ಬಿಟ್ಟ ಮಕ್ಕಳು ಅಲ್ಲಿ ಬಹಳ. ಅವರ ತಾಯಿಯೋ ಅಜ್ಜಿಯೋ ಎಲ್ಲೋ ಬದುಕಿದ್ದಾರೆ. ನಮ್ಮ 2015ರ ಬಾಲನ್ಯಾಯ ಕಾಯಿದೆ, ಮಗುವನ್ನು ಒಪ್ಪಿಸಿ ಹೋದ ತಾಯಿಗೆ ಮನಸ್ಸು ಬದಲಿಸಲು 2 ತಿಂಗಳು ಕೊಡುತ್ತದೆ. ಬೀದಿಯಲ್ಲಿ ಸಿಕ್ಕಿದ ಕೂಸಾದರೆ ಅದರ ಹೆತ್ತವರನ್ನು ಮೊದಲು ಹುಡುಕಬೇಕೆನ್ನುತ್ತದೆ. ಅದಕ್ಕೆ ಎರಡು ವರ್ಷದೊಳಗಿನ ಮಗುವಿಗೆ 2 ತಿಂಗಳು, ದೊಡ್ಡ ಮಗುವಿಗೆ 4 ತಿಂಗಳು. ದತ್ತಿಗೆ ಅರ್ಹವೆಂದು ಸಾರಿದ ಮೇಲೂ 60 ದಿನ ಭಾರತೀಯ ತಂದೆತಾಯಿಗಳಿಗಾಗಿ ಕಾದು, ಯಾರೂ ಸಿಗದಿದ್ದರೆ ಮಾತ್ರ ಆ ಮಗು ಪರದೇಶಕ್ಕೆ. ರಾಯರಿಗೆ ಗೋಡೆಯಾಗಿ ಕಂಡದ್ದು ಇದೇ. ತಿರುಗಿ ಬರಬಹುದಾದ ಒಬ್ಬ ತಾಯಿಗೆ ಇದು ಮನೆಯ ಬಾಗಿಲು.

ಆ ಬಾಗಿಲನ್ನು ಅವಸರದಿಂದ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ದೂರದ ಸಾಕ್ಷಿಗಳಿವೆ. 1950ರ ಯುದ್ಧದ ನಂತರ ದಕ್ಷಿಣ ಕೊರಿಯ ತನ್ನ ಮಕ್ಕಳನ್ನು ಹೊರದೇಶಗಳಿಗೆ ದತ್ತು ಕೊಡತೊಡಗಿತು. ಯುದ್ಧದ ಗಾಯ ಮಾಯ್ದ ಮೇಲೂ ಅದು ದಶಕಗಟ್ಟಲೆ ನಿಲ್ಲಲಿಲ್ಲ. ಲಕ್ಷಕ್ಕಿಂತ ಹೆಚ್ಚು ಮಕ್ಕಳು ಹೊರಟುಹೋದರು. 2025ರ ಮಾರ್ಚಿಯಲ್ಲಿ ಅದೇ ದೇಶದ ಸತ್ಯಶೋಧನಾ ಆಯೋಗ ತನ್ನ ತೀರ್ಮಾನ ಹೇಳಿತು: ಹೆತ್ತವರು ಬದುಕಿದ್ದ ಮಕ್ಕಳನ್ನೂ ಕಾಗದದಲ್ಲಿ ಅನಾಥರೆಂದು ಬರೆಯಲಾಗಿತ್ತು, ಸರಕಾರ ಕಣ್ಣು ಮುಚ್ಚಿಕೊಂಡಿತ್ತು. ಗ್ವಾಟೆಮಾಲದಂಥ ಸಣ್ಣ ದೇಶದಿಂದ 2007ರ ಒಂದೇ ವರ್ಷದಲ್ಲಿ 4 ಸಾವಿರಕ್ಕಿಂತ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ಮಕ್ಕಳನ್ನು ಕದ್ದ, ಕೊಂಡ ಸಂಗತಿಗಳು ಹೊರಬಿದ್ದು 2008ರಿಂದ ಹೊಸ ಅರ್ಜಿಗಳೇ ನಿಂತವು. ಆ ಮಕ್ಕಳನ್ನು ಪಡೆದವರಲ್ಲಿ ಹೆಚ್ಚಿನವರು ನಮ್ಮ ರಾಯರ ಮಗಳಷ್ಟೇ ಒಳ್ಳೆಯವರು. ಅವರ ಪ್ರೀತಿಯಲ್ಲಿ ದೋಷವಿರಲಿಲ್ಲ. ಅವರ ಅವಸರವನ್ನು ಮತ್ತೊಬ್ಬರು ಕಾಸು ಮಾಡಿಕೊಂಡರು.

ನಾವೂ ಈ ದಾರಿಯಲ್ಲಿ ಹೆಜ್ಜೆಯಿಟ್ಟವರೇ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಪರದೇಶದ ದತ್ತಿನ ಅವ್ಯವಹಾರಗಳ ಮೇಲೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿಯೆಂದು ಎತ್ತಿಕೊಂಡು ನ್ಯಾಯಮೂರ್ತಿ ಭಗವತಿಯವರು 1984ರಲ್ಲಿ ಕೊಟ್ಟ ತೀರ್ಪಿನಿಂದಲೇ ಇಂದಿನ ಕಟ್ಟುಪಾಡುಗಳು ಬೆಳೆದವು. ಅವು ಯಾವನೋ ಗುಮಾಸ್ತನ ಹಟದಿಂದ ಹುಟ್ಟಿದವಲ್ಲ.

ನಮ್ಮ ಹಿಂದಿನವರ ದತ್ತಕವನ್ನು ನೆನೆಯಿರಿ. ಅದು ಮನೆತನಕ್ಕೊಂದು ಗಂಡುಮಗು ಬೇಕೆಂದು ನಡೆಯುತ್ತಿದ್ದ ಏರ್ಪಾಡು. ಅದನ್ನು ಹೊಗಳಲು ನಾನು ಸಿದ್ಧನಿಲ್ಲ. ಆದರೂ ಅದರಲ್ಲಿ ಒಂದು ಮರ್ಯಾದೆಯಿತ್ತು: ಕೊಡುವವರು ಇರಬೇಕು, ತೆಗೆದುಕೊಳ್ಳುವವರೂ ಇರಬೇಕು, ಕೈಯಿಂದ ಕೈಗೆ ಮಗು ಹೋಗಬೇಕು. 1956ರ ಹಿಂದೂ ದತ್ತಕ ಕಾಯಿದೆ ಹೋಮ ಬೇಕಿಲ್ಲವೆಂದಿತು. ಕೊಟ್ಟು ತೆಗೆದುಕೊಳ್ಳುವುದು ಬೇಡವೆನ್ನಲಿಲ್ಲ. ವಿಮಾನ ನಿಲ್ದಾಣದಲ್ಲಿ ಹೂಗುಚ್ಛ ಹಿಡಿದು ತೆಗೆಸಿದ ಚಿತ್ರದಲ್ಲಿ ತೆಗೆದುಕೊಂಡವರು ಮಾತ್ರ ಇರುತ್ತಾರೆ. ಕೊಟ್ಟವಳು ಎಲ್ಲಿ? ಆಕೆ ನಿಜವಾಗಿ ಕೊಟ್ಟಳೇ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಾಯುವುದು ಅನ್ಯಾಯವೇ?

ಹಾಗೆಂದು ಕಾಯಿಸುವವರೆಲ್ಲ ಧರ್ಮರಾಯರೆಂದು ನಾನು ಹೇಳುತ್ತಿಲ್ಲ. ಕಾಯುವುದರಲ್ಲಿ ಎರಡು ಬಗೆ. ಮಗುವನ್ನು ಗೊತ್ತುಮಾಡುವ ಮೊದಲಿನ ಕಾಯುವಿಕೆ ವಿಚಾರಣೆಯ ಕಾಲ. ಅದು ಎಷ್ಟಾದರೂ ಸಹಿಸತಕ್ಕದ್ದು. ಇಂಥ ಮಗು ಇಂಥವರಿಗೆ ಎಂದು ನಿಶ್ಚಯಿಸಿ, ಚಿತ್ರ ಕಳುಹಿಸಿ, “ಇವರೇ ನಿನ್ನ ಅಪ್ಪ ಅಮ್ಮ” ಎಂದು ಮಗುವಿಗೂ ಹೇಳಿದ ಮೇಲೆ ಕಡತವನ್ನು ಮೇಜಿನ ಮೇಲೆ ಮಲಗಿಸುವುದು ಶುದ್ಧ ಕ್ರೌರ್ಯ. 2020ರಲ್ಲಿ ರೋಗದ ಕಾರಣದಿಂದ ಚೀನ ಹೀಗೆ ಗೊತ್ತಾಗಿದ್ದ ಮಕ್ಕಳನ್ನೂ ತಡೆದಿಟ್ಟಿತು. ನಾಲ್ಕು ವರ್ಷ ಕಾಯಿಸಿ, 2024ರಲ್ಲಿ, ನೆಂಟರ ಮಕ್ಕಳ ಹೊರತು ಪರದೇಶಕ್ಕೆ ದತ್ತು ಕೊಡುವುದನ್ನೇ ನಿಲ್ಲಿಸಿದೆನೆಂದಿತು. ನೂರಾರು ಮನೆಗಳಲ್ಲಿ ಕೋಣೆ ಹಾಗೆಯೇ ಉಳಿಯಿತು. ನಿಲ್ಲಿಸುವ ಹಕ್ಕು ಆ ದೇಶಕ್ಕಿದೆ. ಮಗುವಿಗೆ ಕೊಟ್ಟ ಮಾತನ್ನು ಮುರಿಯುವ ಹಕ್ಕು ಯಾವ ದೇಶಕ್ಕೂ ಇಲ್ಲ. ನಮ್ಮ ಕಚೇರಿಗಳ ಮೇಲೆ ರೇಗಬೇಕೆನ್ನುವವರು ಈ ಎರಡನೆಯ ವಿಳಂಬದ ಮೇಲೆ ರೇಗಲಿ, ನಾನೂ ದನಿಗೂಡಿಸುತ್ತೇನೆ.

ಇನ್ನು ಸಿದ್ಧತೆಯ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ನಮ್ಮವರು ನಗುತ್ತಾರೆ. ಇಲ್ಲಿ ಕೂಸು ಆಗಲೇ ಹುಟ್ಟಿದೆ. ಆದರೆ ಈ ಕುಲಾವಿಗಾಗಿ ಹುಟ್ಟಿದ್ದಲ್ಲ. ಪರದೇಶದ ದತ್ತಿನಲ್ಲಿ ಐದು ದಾಟಿದವರಿಗೆ, ಒಡಹುಟ್ಟಿದವರೊಡನೆ ಇರುವವರಿಗೆ, ಅಂಗವಿಕಲರಿಗೆ ಮೊದಲ ಸ್ಥಾನ ಕೊಡಬಹುದೆಂದು ಕಾಯಿದೆಯೇ ಹೇಳುತ್ತದೆ. ಹಾಗಿರುವಾಗ ಬರುವ ಮಗು ಆರು ವರ್ಷದ್ದಾಗಿ, ಕನ್ನಡವನ್ನೋ ಒಡಿಯಾವನ್ನೋ ಆಡುತ್ತಿದ್ದು, ಅನ್ನವನ್ನು ದಿಂಬಿನಡಿ ಬಚ್ಚಿಟ್ಟು, ನಡುರಾತ್ರಿ ಎದ್ದು ಇನ್ಯಾರನ್ನೋ ಕರೆದು ಅತ್ತೀತು. ಅದಕ್ಕೆ ಗೋಡೆಯ ಹಳದಿ ಬಣ್ಣ ಏನು ಮಾಡೀತು? ಆ ಮಗುವಿನ ನುಡಿಯಲ್ಲಿ ನೂರು ಮಾತು ಕಲಿಯಿರಿ. ಅದರ ಹೆಸರನ್ನು ಬದಲಿಸಬೇಡಿ. ಅದರ ಊರು, ಅದರ ತಾಯಿಯ ಬಗ್ಗೆ ತಿಳಿದಷ್ಟನ್ನೂ ಬರೆದಿಡಿ. ಮೂಲದ ದಾಖಲೆಗಳನ್ನು ಕಾಪಾಡಬೇಕೆಂದು 1993ರ ಹೇಗ್ ಒಪ್ಪಂದ ಸರಕಾರಗಳಿಗೆ ವಿಧಿಸಿದೆ. ಮನೆಯವರಿಗೂ ಆ ಕರ್ತವ್ಯ ತಪ್ಪಿದ್ದಲ್ಲ.

ರಾಯರೇ, ನಿಮ್ಮ ಮಗಳ ಕೋಣೆ ಚೆನ್ನಾಗಿದೆ. ಆದರೆ ಆ ಪುಟ್ಟ ಮಂಚದ ಪಕ್ಕದಲ್ಲಿ ಒಂದು ಪೆಟ್ಟಿಗೆಗೂ ಜಾಗ ಮಾಡಲು ಹೇಳಿ. ಇಪ್ಪತ್ತು ವರ್ಷಗಳ ಮೇಲೆ ನಿಮ್ಮ ಮೊಮ್ಮಗಳು “ನನ್ನನ್ನು ಹೆತ್ತವಳು ಯಾರು? ನನ್ನನ್ನು ಏಕೆ ಬಿಟ್ಟಳು?” ಎಂದು ಕೇಳುವ ದಿನ ಬಂದೇ ಬರುತ್ತದೆ. ಅಂದು ಆ ಪೆಟ್ಟಿಗೆಯಲ್ಲಿ ಸುಳ್ಳು ಕಾಗದವೊಂದೂ ಇರಬಾರದು. ಅದಕ್ಕಾಗಿ ಮೂರು ವರ್ಷ ಕಾಯುವುದು ಹೆಚ್ಚಾಯಿತೆಂದು ನನಗಂತೂ ತೋರುವುದಿಲ್ಲ.