ಬೇರು ಕೊಳೆತರೆ ಸಾಲ ಚಿಗುರುತ್ತದೆ



ಟೊಮೆಟೊ ಬಾಡಿತು, ಮೆಣಸಿನಗಿಡದ ಬುಡ ಕೊಳೆಯಿತು. ನೀವೇನು ಮಾಡ್ತೀರಿ? ಗಿಡ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡ್ತೀರಿ. ಅಂಗಡಿಯವನು ಎಲೆ ನೋಡಿ, ತನ್ನಲ್ಲಿ ಇರುವುದನ್ನು ಕೊಡುತ್ತಾನೆ. ದುಡ್ಡಿಲ್ಲದಿದ್ದರೆ ಖಾತೆಗೆ ಬರೆದುಕೊಳ್ಳುತ್ತಾನೆ. ಅದು ನಾಟದಿದ್ದರೆ ಇನ್ನೊಂದು ಡಬ್ಬಿ. ಬೆಳೆ ಬಂಡೀಪಾಳ್ಯದ ಮಾರುಕಟ್ಟೆ ಸೇರುವ ಮೊದಲೇ ಅದರ ದುಡ್ಡು ಅಂಗಡಿಯ ಪಾಲಾಗಿರುತ್ತದೆ.

ಬೇರು ಕೊಳೆಸುವುದು ಒಂದೇ ರೋಗವಲ್ಲ. ನೀರು ನಿಂತ ಮಣ್ಣಿನಲ್ಲಿ ಹೆಚ್ಚುವುದು ಪಿಥಿಯಂ, ಫೈಟಾಫ್ತೊರ. ಬುಡದಲ್ಲಿ ಬಿಳಿ ನೂಲು, ಸಾಸಿವೆ ಕಾಳಿನಂಥ ಕಂದು ಗುಂಡು ಕಂಡರೆ ಸ್ಕ್ಲಿರೋಷಿಯಂ. ಕಾಂಡ ಸೀಳಿದಾಗ ಒಳಗೆ ಕಂದು ಗೆರೆಯಿದ್ದರೆ ಫ್ಯುಸೇರಿಯಂ ಇರಬಹುದು, ದುಂಡಾಣು ಸೊರಗು ರೋಗವೂ ಇರಬಹುದು. ಕತ್ತರಿಸಿದ ಕಾಂಡವನ್ನು ಲೋಟದ ತಿಳಿನೀರಿಗೆ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು. ಅದಕ್ಕೆ ಶಿಲೀಂಧ್ರನಾಶಕ ಸುರಿಯುವುದು ದಂಡ. ಮೆಟಲಾಕ್ಸಿಲ್ ಪಿಥಿಯಂಗೆ ನಾಟುತ್ತದೆ, ಫ್ಯುಸೇರಿಯಂಗೆ ನಾಟದು. ಕಾರ್ಬೆಂಡಜಿಮ್ ಪಿಥಿಯಂಗೆ ನಾಟದು. ಹೆಸರು ತಪ್ಪಿದರೆ ಔಷಧಿ ತಪ್ಪಿತು, ಸಾಲ ಮಾತ್ರ ತಪ್ಪಲಿಲ್ಲ!

ಖಚಿತವಾಗಿ ತಿಳಿಯಬೇಕಾದರೆ ಬೇರಿನ ಚೂರನ್ನು ಅಗರ್ ತಟ್ಟೆಯಲ್ಲಿ ಕೆಲವು ದಿನ ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದೇನು ಹೊಸ ವಿದ್ಯೆಯೇ? 1908ರಲ್ಲಿ ಮೈಸೂರು ಸಂಸ್ಥಾನ ಕೋಲ್ಮನ್ ಎಂಬ ವಿಜ್ಞಾನಿಯನ್ನು ನೇಮಿಸಿತು. ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರ ಕಾರಣವೆಂದು 1910ರಲ್ಲಿ ಅವರು ಬರೆದರು. ಬೋರ್ಡೊ ದ್ರಾವಣ ಹೊಡೆಯುವ ದಾರಿ ತೋರಿಸಿದರು. ಮೊದಲು ರೋಗದ ಪತ್ತೆ, ಆಮೇಲೆ ಔಷಧಿ. ರಾಜರ ಕಾಲದಲ್ಲಿ ಅಡಿಕೆಗೆ ಆದದ್ದು ಪ್ರಜಾಪ್ರಭುತ್ವದಲ್ಲಿ ತರಕಾರಿಗೆ ಯಾಕಾಗಬಾರದು?

ತಡ ಮಾಡಿದರೆ ಏನಾಗುತ್ತದೆಂದು ನಂಜನಗೂಡು ರಸಬಾಳೆಯನ್ನು ಕೇಳಿ. ಅದನ್ನು ತಿಂದ ಪನಾಮ ಸೊರಗು ರೋಗವೂ ಫ್ಯುಸೇರಿಯಂನದೇ. ಒಮ್ಮೆ ಮಣ್ಣು ಸೇರಿದರೆ ದಶಕಗಟ್ಟಲೆ ಬಿಡುವುದಿಲ್ಲ.

ಮೈಸೂರಿನಲ್ಲಿ ಮಾನಸಗಂಗೋತ್ರಿಯಿದೆ, ಸಸ್ಯರೋಗ ಓದಿದವರು, ಸೂಕ್ಷ್ಮದರ್ಶಕಗಳು ಅಲ್ಲಿವೆ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಇವೆರಡರ ನಡುವೆ ಒಂದು ಚೀಲ ಮಣ್ಣು ಓಡಾಡುವ ವ್ಯವಸ್ಥೆ ಬೇಕು. ರೋಗದ ಗಿಡವನ್ನು ಹೋಬಳಿಯಲ್ಲೇ ತೆಗೆದುಕೊಳ್ಳಲಿ, ನಗರದಲ್ಲಿ ಪುಕ್ಕಟೆ ಪರೀಕ್ಷಿಸಲಿ, ಹತ್ತು ದಿನದೊಳಗೆ ಕನ್ನಡದಲ್ಲಿ ಉತ್ತರ ಬರೆದುಕೊಡಲಿ.

ನಮ್ಮ ಕೆಲಸವೂ ಇದೆ. ಒಣಗಿ ಸತ್ತ ಗಿಡ ಒಯ್ಯಬೇಡಿ; ಆಗತಾನೆ ಬಾಡುತ್ತಿರುವ ಗಿಡವನ್ನು ಬೇರು, ಮಣ್ಣು ಸಮೇತ ಅಗೆದು ಒಯ್ಯಿರಿ. ಔಷಧಿ ಕೊಂಡರೆ ಬಿಲ್ಲು ಕೇಳಿ ಪಡೆಯಿರಿ. ಸಾಲ ಮನ್ನಾ ಕೇಳುವುದು ನಮ್ಮ ಹಕ್ಕು. ಸಾಲ ಹುಟ್ಟುವ ಜಾಗವನ್ನೇ ಮುಚ್ಚಿರೆಂದು ಕೇಳುವುದೂ ನಮ್ಮ ಹಕ್ಕೇ.